ನಿದ್ದೆಗೆ ಜೋರಾದ ಮಾತ್ರೆ ಕೇಳುವವರಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ನಿದ್ದೆಯವೇ. ಹೋದ ಸಲವೂ ಅಷ್ಟೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಗಿದೆ, ಅದಕ್ಕೆ ಒಂದೇ ಪತ್ರ ಹಿಡಿದು ಪೂರ್ತಿ ಹೇಳಿಬಿಡುತ್ತೇನೆ. ಹಾಲು ಕುಡಿಯಿರಿ, ಮೊಬೈಲ್ ದೂರ ಇಡಿ ಅನ್ನುವುದನ್ನೆಲ್ಲ ಹೇಳುವುದಿಲ್ಲ. ಅದು ನಿಮಗೇ ಗೊತ್ತು.

ಪ್ರಶ್ನೆ: ನನಗೆ 47 ವರ್ಷ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇದೆ. ಎಂಟು ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರ ಆಗುತ್ತದೆ. ಆಮೇಲೆ ಬರಬೇಕಾದ ಬಾಕಿ, ಮಗಳ ಮದುವೆ, ಎಲ್ಲ ತಲೆಯಲ್ಲಿ ಓಡುತ್ತವೆ. ಒಂಬತ್ತಕ್ಕೇ ಮಲಗಿ ನೋಡಿದೆ, ಆಗಲಿಲ್ಲ. ಮೆಡಿಕಲ್ ಶಾಪ್‌ನವರು ಕೊಟ್ಟ ಮಾತ್ರೆ ಮೊದಲು ಹಿಡಿಯಿತು, ಈಗ ಎರಡು ನುಂಗಿದರೂ ಹಿಡಿಯುತ್ತಿಲ್ಲ. ಇನ್ನೂ ಜೋರಾದದ್ದು ಹೇಳಿ.

ಉತ್ತರ: ಹೇಳುವುದಿಲ್ಲ.

ನನ್ನ ಕ್ಲಿನಿಕ್ಕಿನಲ್ಲಿ ವಾರಕ್ಕೊಬ್ಬರಾದರೂ ಅಂಗಿ ಜೇಬಿನಿಂದ ಇಂಥ ಮಾತ್ರೆ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಕತ್ತರಿಯಲ್ಲಿ ಕತ್ತರಿಸಿಕೊಟ್ಟ ತುಂಡು. ನಾಲ್ಕು ಮಾತ್ರೆ ಇರುತ್ತವೆ, ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿರುತ್ತದೆ. ಬಹಳ ಸಲ ಅದು ಆಲ್‌ಪ್ರಜೋಲಮ್. ಎಚ್1 ಪಟ್ಟಿಯ ಔಷಧಿ ಅದು. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ನಿಮಗೆ ಕೊಟ್ಟವರು ಬರೆದಿಟ್ಟಿದ್ದಾರಾ? ಕೆಲವೇ ವಾರಗಳಲ್ಲಿ ಮೈ ಇದಕ್ಕೆ ಒಗ್ಗಿಬಿಡುತ್ತದೆ. ಒಂದರ ಕೆಲಸಕ್ಕೆ ಎರಡು ಬೇಕಾಗುತ್ತದೆ. ಹಾಗಂತ ಇದನ್ನು ಓದಿ ಇವತ್ತೇ ಚರಂಡಿಗೆ ಎಸೆಯಬೇಡಿ. ತಟ್ಟನೆ ನಿಲ್ಲಿಸಿದರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಡಾಕ್ಟರ ಎದುರು ಕೂತು ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಇನ್ನು ಆ ಮೂರು ಗಂಟೆ. ರಾತ್ರಿ ನಡುವೆ ಎಚ್ಚರ ಆಗುವುದು ರೋಗ ಅಲ್ಲ ಸ್ವಾಮಿ. ಗಾಢ ನಿದ್ದೆ ಹೆಚ್ಚಾಗಿ ಮೊದಲ ಮೂರ್ನಾಲ್ಕು ಗಂಟೆಯಲ್ಲೇ ಮುಗಿಯುತ್ತದೆ. ಆಮೇಲಿನದು ತೆಳು. ಎಲ್ಲರಿಗೂ ಎಚ್ಚರ ಆಗುತ್ತದೆ, ಮಗ್ಗುಲು ಬದಲಿಸಿ ಮಲಗುತ್ತಾರೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ನೀವು ಮಾತ್ರ ಟೈಮ್ ನೋಡುತ್ತೀರಿ. 'ಅಯ್ಯೋ, ಇನ್ನು ಮೂರೇ ಗಂಟೆ ಉಳಿಯಿತು' ಅನ್ನುತ್ತೀರಿ. ಅಲ್ಲಿಗೆ ಖಾತೆ ಪುಸ್ತಕ ಬಿಚ್ಚಿತು. ಎಂಟು ತಿಂಗಳು ಹೀಗೇ ಮಾಡಿದ್ದಕ್ಕೆ ನಿಮ್ಮ ಹಾಸಿಗೆ ಈಗ ಅಂಗಡಿಯ ಗಾದಿ ಆಗಿದೆ. ಮೈ ತಾಗಿದರೆ ಸಾಕು, ಲೆಕ್ಕ ಶುರು. (ನನ್ನ ಮಲಗುವ ಕೋಣೆಯ ಗಡಿಯಾರವನ್ನು ಹಾಲಿಗೆ ಸಾಗಿಸಿ ಹತ್ತು ವರ್ಷ ಆಯಿತು.)

ಅದಕ್ಕೆ ಎದ್ದುಬಿಡಿ. ಇಪ್ಪತ್ತು ನಿಮಿಷ ಆಗಿರಬಹುದು ಅನ್ನಿಸಿದರೆ ಹಾಸಿಗೆ ಬಿಟ್ಟು ಹಾಲಿಗೆ ಹೋಗಿ, ಮಂದ ಬೆಳಕಲ್ಲಿ ಸುಮ್ನೆ ಕೂತುಕೊಳ್ಳಿ. ಕಣ್ಣು ಎಳೆದಾಗಷ್ಟೇ ವಾಪಸ್ ಬನ್ನಿ. ಮತ್ತೆ ಬರಲಿಲ್ಲವಾ, ಮತ್ತೆ ಏಳಿ. ಇದು ನಾನು ಕಂಡುಹಿಡಿದದ್ದಲ್ಲ. ರಿಚರ್ಡ್ ಬೂಟ್‌ಜಿನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1972ರಲ್ಲೇ ಹೇಳಿದ ದಾರಿ. ಇಂಥ ಅಭ್ಯಾಸಗಳನ್ನೆಲ್ಲ ಸೇರಿಸಿದ ಚಿಕಿತ್ಸೆಯೇ ಮೊದಲು, ಮಾತ್ರೆ ಆಮೇಲೆ ಅಂತ ಅಲ್ಲಿನ ವೈದ್ಯರ ಸಂಘವೇ 2016ರಲ್ಲಿ ಹೇಳಿದೆ.

ಒಂಬತ್ತಕ್ಕೆ ಮಲಗಿದ್ದು ನಿಮ್ಮ ದೊಡ್ಡ ತಪ್ಪು. ಎಲ್ಲರೂ ಎಷ್ಟಕ್ಕೆ ಮಲಗಬೇಕು ಅಂತ ಕೇಳುತ್ತಾರೆ, ಎಷ್ಟಕ್ಕೆ ಏಳಬೇಕು ಅಂತ ಒಬ್ಬರೂ ಕೇಳುವುದಿಲ್ಲ. ನಿದ್ದೆಯೂ ಹಸಿವಿನ ಹಾಗೆ. ಸಂಜೆ ಒಂದು ಪ್ಲೇಟ್ ಮಂಡಕ್ಕಿ, ನಾಲ್ಕು ಮಿರ್ಚಿ ಹೊಡೆದರೆ ರಾತ್ರಿ ಊಟ ಸೇರುತ್ತಾ? ಮಧ್ಯಾಹ್ನ ಅಂಗಡಿಯಲ್ಲಿ ಒರಗಿ ಒಂದು ಗಂಟೆ ತೂಕಡಿಸುವುದೂ ಅದೇ. ಒಂದು ವಾರ ಬರೆದಿಡಿ. ನಿಜವಾಗಿ ಬರುವ ನಿದ್ದೆ ಐದೂವರೆ ಗಂಟೆ ಅಂತಾದರೆ, ಹನ್ನೆರಡಕ್ಕೆ ಮಲಗಿ ಐದೂವರೆಗೆ ಏಳಿ. ಭಾನುವಾರವೂ ಅಷ್ಟೇ. ಐದು ಗಂಟೆಗಿಂತ ಕಮ್ಮಿ ಮಾಡಬೇಡಿ. ನಿದ್ದೆ ಒಂದೇ ಸಮನೆ ಬರಲು ಶುರುವಾದ ಮೇಲೆ ವಾರಕ್ಕೆ ಹದಿನೈದು ನಿಮಿಷ ಮುಂಚೆ ಮಲಗುತ್ತಾ ಬನ್ನಿ. ಮೊದಲ ವಾರ ಇನ್ನೂ ಜಾಸ್ತಿ ಸುಸ್ತಾಗುತ್ತದೆ, ನನ್ನನ್ನು ಬೈಯುತ್ತೀರಿ. ಆಗ ದೂರ ಗಾಡಿ ಓಡಿಸಬೇಡಿ. ಫಿಟ್ಸ್ ಇರುವವರು, ಹಿಂದೆ ಉನ್ಮಾದದ ಕಾಯಿಲೆ ಬಂದಿದ್ದವರು ಇದನ್ನು ತಾವಾಗಿ ಮಾಡಲೇಬಾರದು. ನೀವು ಮಾತ್ರೆ ನುಂಗುತ್ತಿದ್ದೀರಿ, ಡಾಕ್ಟರಿಗೆ ಹೇಳಿಯೇ ಶುರು ಮಾಡಿ.

ಬಾಕಿಯ ಚಿಂತೆಗೆ ಸಂಜೆ ಏಳಕ್ಕೆ, ಶಟರ್ ಎಳೆಯುವ ಮುಂಚೆ, ಹತ್ತು ನಿಮಿಷ ಕೊಡಿ. ಯಾರಿಂದ ಎಷ್ಟು ಬರಬೇಕು, ನಾಳೆ ಯಾರಿಗೆ ಫೋನ್ ಮಾಡಬೇಕು, ಬರೆದು ಪುಸ್ತಕ ಅಲ್ಲೇ ಬಿಟ್ಟು ಬನ್ನಿ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ರಾತ್ರಿ ಒಂದು ಪೆಗ್ ಇದೆಯಾ? ಅದು ಬೇಗ ಮಲಗಿಸುತ್ತದೆ, ಮೂರಕ್ಕೆ ಎಬ್ಬಿಸುತ್ತದೆ. ಆ ಮಾತ್ರೆಯ ಜೊತೆಗಂತೂ ಉಸಿರಿಗೇ ಅಪಾಯ. ಗೊರಕೆ ಇದೆಯಾ, ನಡುವೆ ಉಸಿರು ಕಟ್ಟುತ್ತಾ ಅನ್ನುವುದನ್ನು ನಿಮ್ಮನ್ನಲ್ಲ, ನಿಮ್ಮ ಮನೆಯವರನ್ನು ಕೇಳಬೇಕು. ಇನ್ನೊಂದು, ಇದರಲ್ಲಿ ನನಗೆ ಭಯ ಸ್ವಲ್ಪ ಜಾಸ್ತಿಯೇ. ಎರಡು ವಾರದಿಂದ ಊಟ ಸೇರುತ್ತಿಲ್ಲ, ಅಂಗಡಿಗೆ ಹೋಗಲು ಮನಸ್ಸಿಲ್ಲ, ಬದುಕಿ ಏನು ಅನ್ನಿಸುತ್ತಿದೆ ಅಂದರೆ ಮೇಲೆ ಬರೆದದ್ದನ್ನೆಲ್ಲ ಬಿಡಿ. ಅದು ಖಿನ್ನತೆ ಇರಬಹುದು. ನಾಳೆಯೇ ಡಾಕ್ಟರ ಹತ್ತಿರ ಹೋಗಿ. ನಡುರಾತ್ರಿ ಆದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಯಾವಾಗಲೂ ಪಾಸಿಟಿವ್ ಆಗಿರುವುದು ಹೇಗೆ?

ಉತ್ತರ: ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಾಗಲೂ ಖುಷಿಯಾಗಿದ್ದರೆ ಆಗ ನನ್ನ ಹತ್ತಿರ ಬನ್ನಿ.

ಪ್ರಶ್ನೆ: ಫೋನಿನಲ್ಲೇ ಹಿಪ್ನಾಟಿಸಂ ಮಾಡಿ ಮೂರು ದಿನದಲ್ಲಿ ಲಿಫ್ಟಿನ ಭಯ ತೆಗೆಯುತ್ತಾರಂತೆ. ಹನ್ನೊಂದು ಸಾವಿರ. ಕಟ್ಟಲಾ?

ಉತ್ತರ: ಬೇಡ. ಲಿಫ್ಟಿನ ಭಯ ಹೋಗುವುದು ಲಿಫ್ಟಿನಲ್ಲೇ. ಮೊದಲು ಬಾಗಿಲ ಮುಂದೆ ನಿಲ್ಲಿ, ಆಮೇಲೆ ಒಂದು ಮಹಡಿ, ಆಮೇಲೆ ಎರಡು. ಒಂದು ರೂಪಾಯಿ ಖರ್ಚಿಲ್ಲ.

ಪ್ರಶ್ನೆ: ಪಿಯುಸಿ ಮಗನಿಗೆ ನೆನಪಿನ ಶಕ್ತಿಯ ಟಾನಿಕ್ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಆ ದುಡ್ಡಲ್ಲಿ ಬೆಣ್ಣೆ ದೋಸೆ ಕೊಡಿಸಿ, ರಾತ್ರಿ ಹನ್ನೊಂದಕ್ಕೆ ಪುಸ್ತಕ ಮುಚ್ಚಿಸಿ.

ಪ್ರಶ್ನೆ: ಹೇಗೂ ಎಚ್ಚರ ಆಗುತ್ತದೆ. ಮೂರೂವರೆಗೇ ಎದ್ದು ಕುಂದವಾಡ ಕೆರೆಗೆ ವಾಕಿಂಗ್ ಹೋಗಬಹುದಾ?

ಉತ್ತರ: ಆರೂವರೆಗೆ ಹೋಗಿ, ಕಣ್ಣಿಗೆ ಬೆಳಕು ಬೀಳಬೇಕು. ಮೂರೂವರೆಗೆ ಅಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ.