ಒಂದೇ ಪಕ್ಷ, ಎರಡು ಮಾತು

ಹಾಸನದ ಓದುಗರೊಬ್ಬರ ಪತ್ರ: "ಒಂದೇ ಪಕ್ಷದವರು ಒಬ್ಬೊಬ್ಬರು ಒಂದೊಂದು ಮಾತಾಡುತ್ತಾರೆ. ಇವರಿಗೆ ಸಿದ್ಧಾಂತ ಅಂತ ಒಂದಿಲ್ಲವೇ? ಹೈಕಮಾಂಡ್ ಬಾಯಿ ಮುಚ್ಚಿಸಬಾರದೇ?"

ಸಂಪಾದಕರ ಉತ್ತರ:

ನಿಮ್ಮ ಬೇಸರ ಅರ್ಥವಾಗುತ್ತದೆ. ಕುರ್ಚಿಗಾಗಿ ನಡೆಯುವ ಕಿತ್ತಾಟ ನೋಡಿ ನನಗೂ ಸಾಕಾಗಿದೆ. ಆದರೆ ಎಲ್ಲ ಭಿನ್ನ ಮಾತೂ ಕುರ್ಚಿಯ ಮಾತಲ್ಲ.

ಬೆಂಗಳೂರಿನ ಕುಡಿಯುವ ನೀರಿಗೆಂದು ಕರ್ನಾಟಕ ಕಾವೇರಿಗೆ ಕಟ್ಟಬೇಕೆಂದಿರುವ ಮೇಕೆದಾಟು ಅಣೆಕಟ್ಟಿನ ವಿಷಯವನ್ನೇ ತೆಗೆದುಕೊಳ್ಳಿ. 2021ರ ಆಗಸ್ಟ್‌ನಲ್ಲಿ ತಮಿಳುನಾಡು ಬಿಜೆಪಿ ಅಧ್ಯಕ್ಷರಾಗಿದ್ದ ಅಣ್ಣಾಮಲೈ ಅಣೆಕಟ್ಟು ಬೇಡವೆಂದು ತಂಜಾವೂರಿನಲ್ಲಿ ಉಪವಾಸ ಕೂತರು. ಇಲ್ಲಿ ಅದೇ ಪಕ್ಷದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕಟ್ಟಿಯೇ ಕಟ್ಟುತ್ತೇವೆ ಎಂದರು. 2022ರ ಜನವರಿಯಲ್ಲಿ ಕರ್ನಾಟಕದ ಕಾಂಗ್ರೆಸ್ಸಿಗರು ಅಣೆಕಟ್ಟು ಬೇಕೆಂದು ಪಾದಯಾತ್ರೆ ಹೊರಟರು, ಅರ್ಕಾವತಿ ಬಂದು ಕಾವೇರಿ ಸೇರುವ ಸಂಗಮದಿಂದ. ಮಾರ್ಚ್‌ನಲ್ಲಿ ತಮಿಳುನಾಡು ವಿಧಾನಸಭೆ ಯೋಜನೆಯ ವಿರುದ್ಧ ಒಮ್ಮತದ ನಿರ್ಣಯ ಮಾಡಿತು. ಅಲ್ಲಿನ ಕಾಂಗ್ರೆಸ್, ಬಿಜೆಪಿ ಎರಡೂ ಸೈ ಎಂದವು. ಕೆಲವೇ ದಿನದಲ್ಲಿ ನಮ್ಮ ವಿಧಾನಸಭೆ ಅದನ್ನು ಖಂಡಿಸಿ ಇನ್ನೊಂದು ನಿರ್ಣಯ ಮಾಡಿತು. ಅದಕ್ಕೂ ಎರಡೂ ಪಕ್ಷಗಳು ಒಪ್ಪಿದ್ದವು!

ಇವರೆಲ್ಲ ಸಿದ್ಧಾಂತ ಬಿಟ್ಟವರು ಅನ್ನೋಕಾಗುತ್ತಾ? ತಂಜಾವೂರಿನ ರೈತರಿಗೆ ಕುರುವೈ ಭತ್ತದ ನಾಟಿಗೆ ಹೊತ್ತಿಗೆ ಸರಿಯಾಗಿ ನೀರು ಬೇಕು. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೇಸಿಗೆಗೆ ಬೋರ್‌ವೆಲ್ ಬತ್ತಿ, ಟ್ಯಾಂಕರ್ ಬಂದರಷ್ಟೇ ನೀರು. ಪ್ರಣಾಳಿಕೆ ದಿಲ್ಲಿಯಲ್ಲಿ ಬರೆಯಬಹುದು, ವೋಟು ಕೇಳೋದು ಈ ಮನೆಗಳ ಬಾಗಿಲಲ್ಲೇ ಅಲ್ವಾ? ತನ್ನ ಊರಿನವರ ಪರ ಮಾತಾಡದವನನ್ನು ನಾವು ಆರಿಸಿಯಾದರೂ ಏನು ಪ್ರಯೋಜನ?

ನನ್ನ ಚಿಂತೆಯೇ ಬೇರೆ. ಬಾಯಿ ಮುಚ್ಚಿಸುವ ಕೆಲಸ ಸದನದೊಳಗೆ ಈಗಾಗಲೇ ಜಾಸ್ತಿ ಆಗಿದೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಶಾಸಕರು ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ, ಮತ ಹಾಕದೆ ಸುಮ್ನೆ ಉಳಿದರೂ, 15 ದಿನದೊಳಗೆ ಪಕ್ಷ ಮನ್ನಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ದುಡ್ಡು, ಪದವಿಗಾಗಿ ಪಕ್ಷ ಹಾರುವವರನ್ನು ತಡೆಯಲೇಬೇಕಿತ್ತು, ನಿಜ. ಆದರೆ ಸರ್ಕಾರದ ಉಳಿವಿಗೆ ಸಂಬಂಧವೇ ಇಲ್ಲದ ಮಸೂದೆಗೂ ಅದೇ ಹೆದರಿಕೆ ಯಾಕೆ? ಒಳಗೆ ಹೇಳಲಾಗದ್ದನ್ನು ಹೊರಗೆ ಬಂದು ಟಿವಿ ಮೈಕಿನ ಮುಂದೆ ಹೇಳುತ್ತಾರೆ. ನಿಮಗೆ ಕಾಣುವ ಗೊಂದಲದಲ್ಲಿ ಒಂದು ಪಾಲು ಇದೇ.

ವಿಶ್ವಾಸಮತದಂಥ ಸಂದರ್ಭಕ್ಕಷ್ಟೇ ಈ ಅನರ್ಹತೆ ಇರಲಿ ಎಂದು ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಯಾವ ಸರ್ಕಾರವೂ ಅದನ್ನು ಜಾರಿಗೆ ತಂದಿಲ್ಲ. ನಿಮ್ಮ ಸಂಸದರು ಊರಿಗೆ ಬಂದಾಗ ದಯವಿಟ್ಟು ಯಾಕೆ ಅಂತ ಕೇಳಿ. ಅವರು ಕೊಟ್ಟ ಉತ್ತರವನ್ನು ನಮಗೂ ಬರೆದು ಕಳಿಸಿ, ಪ್ರಕಟಿಸುತ್ತೇವೆ.