ಚೆಂಡೆಗೆ ಕಿವಿ ಮುಚ್ಚುವ ಮಗುವಿಗೆ ಸಂಗೀತ ಆಗುತ್ತದಾ?

ನಮಸ್ಕಾರ ಅಕ್ಕಾ. ಆಟಿಸಂ ಇರುವ ನಿಮ್ಮ ಐದು ವರ್ಷದ ಮಗನಿಗೆ ಮಾತು ಬಂದಿಲ್ಲ, ಚೆಂಡೆ ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ, ಸಂಗೀತ ಚಿಕಿತ್ಸೆ ಆಗಬಹುದಾ ಎಂದು ಕೇಳಿದ್ದೀರಿ. ಖಂಡಿತ ನೋಡಬಹುದು. ಚೆಂಡೆ ಬೇಡ ಅಂದರೆ ಸಂಗೀತವೇ ಬೇಡ ಅಂತಲ್ಲ.

ನನ್ನ ಮಗಳೂ ಹಾಗೇ. ಕುಂಬಳೆಯಲ್ಲಿ ಯಕ್ಷಗಾನಕ್ಕೆ ಹೋಗಿ, ಚೆಂಡೆ ಶುರುವಾದ ಕೂಡಲೇ ಎದ್ದು ಬಂದಿದ್ದೆವು. ಮನೆಯಲ್ಲಿ ಮಾತ್ರ ಶ್ರುತಿಪೆಟ್ಟಿಗೆಯ ಮೇಲೆ ಅಂಗೈ ಒತ್ತಿ, ಅದರ ನಡುಕ ಅನುಭವಿಸುತ್ತಾ ಕೂರುತ್ತಿದ್ದಳು. ಥೆರಪಿಸ್ಟ್ ಅಲ್ಲಿಂದಲೇ ಶುರು ಮಾಡಿದರು. ಹಾಡು ಕಲಿಸಲಿಲ್ಲ. ಅವಳು ಎರಡು ಸಲ ತಟ್ಟಿದರೆ ಅವರೂ ಎರಡು ಸಲ ತಟ್ಟಿ, ಸುಮ್ನೆ ಕಾಯುತ್ತಿದ್ದರು. ಆರೇಳು ವಾರ ಕಳೆದ ಮೇಲೆ ಒಂದು ದಿನ ತಲೆ ಎತ್ತಿ ಅವರ ಮುಖ ನೋಡಿದಳು, ‘ಈಗ ನಿಮ್ಮ ಸರದಿ’ ಅನ್ನುವ ಹಾಗೆ. ನನಗೆ ಅಳು ಬಂತು.

ಆದರೆ ಮಾತು ಬಂದೇ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2017ರಲ್ಲಿ ಪ್ರಕಟವಾದ, 9 ದೇಶಗಳ 364 ಮಕ್ಕಳ ಅಧ್ಯಯನದಲ್ಲಿ 5 ತಿಂಗಳ ಚಿಕಿತ್ಸೆಯಿಂದ ಲಕ್ಷಣಗಳ ತೀವ್ರತೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೆ 2022ರಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವರದಿ, ಒಟ್ಟಾರೆ ಸುಧಾರಣೆಯ ಸಾಧ್ಯತೆ ಜಾಸ್ತಿ ಎಂದಿದೆ. ಹಾಗಾಗಿ ಸ್ಪೀಚ್ ಥೆರಪಿ ಬಿಡಬೇಡಿ, ಇದು ಅದರ ಜೊತೆಗಿರಲಿ.

ಮನೆಯಲ್ಲಿ ಇವತ್ತೇ ಒಂದು ಮಾಡಿ ನೋಡಿ. ಸ್ನಾನ ಮಾಡಿಸುವಾಗ ದಿನಾ ಒಂದೇ ಹಾಡು ಹೇಳಿ, ಕೊನೆಯ ಪದ ಬಿಟ್ಟು ಮನಸ್ಸಲ್ಲೇ ಹತ್ತು ಎಣಿಸಿ. ತುಳುವೋ ಕನ್ನಡವೋ ಮಲಯಾಳವೋ, ನಿಮ್ಮ ಬಾಯಿಗೆ ಬರುವ ಭಾಷೆಯಲ್ಲೇ. ಅವನು ಕಣ್ಣೆತ್ತಿ ನೋಡಿದರೂ, ಒಂದು ‘ಊಂ’ ಅಂದರೂ, ತಕ್ಷಣ ಆ ಪದ ಹೇಳಿಬಿಡಿ.