ಜಪಾನಿನ ಬೆನೆಸ್ಸೆ ಹೌಸ್‌ನಲ್ಲಿ ಒಂದು ರಾತ್ರಿಗೆ ಅಷ್ಟು ದುಡ್ಡು ಕೊಡಬಹುದಾ?

ಹಿರೋಶಿಮಾ ಮುಗಿಸಿ ಒಸಾಕಾಗೆ ವಾಪಸ್ ಬರುವ ದಾರಿಯಲ್ಲಿ ಒಂದು ರಾತ್ರಿ ಖಾಲಿ ಇದೆ, ಅದನ್ನು ನಾವೊಶಿಮಾ ದ್ವೀಪದ ಈ ಮ್ಯೂಸಿಯಂ ಸಮೇತದ ಹೋಟೆಲ್‌ನಲ್ಲಿ ಕಳೆಯಬಹುದಾ, ಕೋಣೆಯಲ್ಲಿ ಟಿವಿ ಕೂಡ ಇಲ್ವಂತೆ, ಅಷ್ಟು ದುಡ್ಡಿಗೆ ಏನು ಸಿಗುತ್ತೆ ಅಂತ ಕೇಳಿದ್ದೀರಿ. ಓದಿ ಬೆಚ್ಚಿಬಿದ್ದೆ. ಅದೇ ದಾರಿ, ಅದೇ ಒಂದು ರಾತ್ರಿ. 2019ರ ಏಪ್ರಿಲ್‌ನಲ್ಲಿ ನಾನು ಮಾಡಿದ್ದ ಪಟ್ಟಿಯನ್ನೇ ಯಾರೋ ನಿಮ್ಮ ಕೈಗೆ ಕೊಟ್ಟ ಹಾಗಿದೆ.

ಟಿವಿ ಇಲ್ಲ, ನಿಜ. ಅದನ್ನು ಬಿಡಿ.

ಆ ಪ್ರವಾಸದಲ್ಲಿ ನನ್ನ ಹೆಂಡತಿ ಬಾಯಿಬಿಟ್ಟು ಕೇಳಿದ್ದು ಅದೊಂದೇ ಜಾಗ. ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. "ಉಳಿದ ದಿನಗಳು ನಿಮ್ಮಿಷ್ಟ, ನಾವೊಶಿಮಾ ಮಾತ್ರ ನನಗೆ ಬಿಡಿ" ಅಂದಿದ್ದಳು. ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ನಾನು ಎಕ್ಸೆಲ್ ಹಾಳೆ ಬಿಚ್ಚಿ ಕೂರುವ ಜಾತಿ. ಒಂದು ರಾತ್ರಿಯ ಬಾಡಿಗೆ ನೋಡಿ ಎದೆ ಧಸಕ್ ಅಂದಿತು. ಆಗ ನಾವು ಬೆಂಗಳೂರಿನಲ್ಲಿ ಇಡೀ ತಿಂಗಳಿಗೆ ಕೊಡುತ್ತಿದ್ದ ಮನೆ ಬಾಡಿಗೆ ಅದು. ಆದರೂ ಬುಕ್ ಮಾಡಿದೆ. ಮಾಡಿದ ಮೇಲೆ ಅದನ್ನು ಹಾಳೆಯಲ್ಲಿ ಬರೆದದ್ದು ಮಾತ್ರ ಬೇರೆಲ್ಲ ಹೋಟೆಲ್‌ಗಳ ಹಾಗೇ: ಭಾನುವಾರ ರಾತ್ರಿ, ಮಲಗುವುದು.

ನನ್ನ ತಪ್ಪು ಇದೇ. ಹೇಗಾಯಿತು ಅಂತ ಪೂರ್ತಿ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಈಗ ನಿಂತಿರುವುದೂ ಅಲ್ಲೇ.

ರಾತ್ರಿ ಮಲಗುವುದಕ್ಕೆ ತಾನೇ, ಹಗಲೆಲ್ಲ ಯಾಕೆ ವ್ಯರ್ಥ ಮಾಡುವುದು ಅಂತ ಲೆಕ್ಕ ಹಾಕಿದೆ. ಭಾನುವಾರ ಬೆಳಿಗ್ಗೆ ಹಿರೋಶಿಮಾ ಹತ್ತಿರದ ಮಿಯಾಜಿಮಾಗೆ ಹೋದೆವು, ಸಮುದ್ರದೊಳಗೆ ನಿಂತಿರುವ ಆ ಕೆಂಪು ದ್ವಾರ ಇದೆಯಲ್ಲ, ಅದನ್ನು ನೋಡಲು. ನಾವು ಹೋದಾಗ ಇಳಿತ. ದ್ವಾರದ ಸುತ್ತ ಬರೀ ಕೆಸರು. ಫೋಟೊದಲ್ಲಿ ನೀರು ಬೇಡವಾ? ನೀರು ಏರಲಿ ಅಂತ ಎರಡು ಗಂಟೆ ಕಾದೆವು. ಕಾಯೋಣ ಅಂದವನು ನಾನೇ. ಹೆಂಡತಿ ಎರಡು ಸಲ ಗಡಿಯಾರ ನೋಡಿದಳು, ಏನೂ ಹೇಳಲಿಲ್ಲ. ಆಮೇಲೆ ಹಿರೋಶಿಮಾಗೆ ವಾಪಸ್, ಲಾಕರ್‌ನಿಂದ ಬ್ಯಾಗು, ಒಕಯಾಮಾವರೆಗೆ ಶಿಂಕಾನ್ಸೆನ್ ಬುಲೆಟ್ ರೈಲು. ಇದು ಮುಕ್ಕಾಲು ಗಂಟೆಯ ಮಾತು, ಹಾಗಾಗಿ ಎಲ್ಲಾ ಹತ್ತಿರ ಅಂತ ಅನಿಸುತ್ತದೆ. ಒಕಯಾಮಾದಿಂದ ಉನೊ ಬಂದರಿಗೆ ಲೋಕಲ್ ರೈಲು, ಹೆಚ್ಚಾಗಿ ಮಧ್ಯೆ ಇನ್ನೊಂದು ರೈಲಿಗೆ ಬದಲಾಯಿಸಬೇಕು, ಸುಮಾರು ಒಂದು ಗಂಟೆ. ಅಲ್ಲಿಂದ ದೋಣಿ ಇಪ್ಪತ್ತೇ ನಿಮಿಷ. ಹಾಳೆಯಲ್ಲಿ ಇವಿಷ್ಟೂ ಸರಿಯಾಗಿ ಕೂಡಿಸಿದ್ದೆ. ಕೂಡಿಸದೇ ಬಿಟ್ಟಿದ್ದು ಕಾಯುವ ಹೊತ್ತು. ದೋಣಿ ನಮ್ಮ ಮೆಜೆಸ್ಟಿಕ್ ಬಸ್ಸಲ್ಲ, ಒಂದು ಹೋದರೆ ಹಿಂದೆಯೇ ಇನ್ನೊಂದು ಬರುವುದಿಲ್ಲ. ನಾವು ಉನೊದಲ್ಲಿ ಇಳಿದು ಓಡಿದಾಗ ನಮ್ಮ ದೋಣಿ ಆಗಲೇ ನೀರಿನ ಮಧ್ಯೆ ಇತ್ತು. ಹೋಟೆಲ್ ಸೇರಿದಾಗ ರಾತ್ರಿ ಎಂಟು ದಾಟಿತ್ತು.

ಈಗ ಅಲ್ಲಿ ಏನಿದೆ ಅಂತ ಹೇಳುತ್ತೇನೆ. ಜಪಾನಿನ ವಾಸ್ತುಶಿಲ್ಪಿ ತಡಾವೊ ಆಂಡೊ ಕಟ್ಟಿದ ಮ್ಯೂಸಿಯಂ ಅದು, 1992ರಲ್ಲಿ ತೆರೆದದ್ದು. ಶುರುವಿನಿಂದಲೂ ಮ್ಯೂಸಿಯಂ ಮತ್ತು ಹೋಟೆಲ್ ಒಂದೇ ಸೂರಿನ ಕೆಳಗೆ. ಆಮೇಲೆ ಓವಲ್, ಪಾರ್ಕ್, ಬೀಚ್ ಅಂತ ಇನ್ನೂ ಮೂರು ಕಟ್ಟಡ ಸೇರಿದವು. ಹಗಲು ಟಿಕೆಟ್ ಕೊಂಡು ಯಾರು ಬೇಕಾದರೂ ಮ್ಯೂಸಿಯಂ ನೋಡಬಹುದು. ಹೊರಗಿನವರಿಗೆ ಬಾಗಿಲು ಹಾಕಿದ ಮೇಲೂ ಒಳಗೆ ಓಡಾಡಲು ಬಿಡುವುದು ತಂಗಿದವರನ್ನು ಮಾತ್ರ. ನೀವು ಕೊಡುವ ದುಡ್ಡು ಆ ಹೊತ್ತಿಗೆ. ಹಾಸಿಗೆ, ದಿಂಬು, ಸಮುದ್ರ ಕಾಣುವ ಕಿಟಕಿ ಎಲ್ಲಾ ಅದರ ಜೊತೆಗೆ ಕೊಸರು.

ನಾನು ಆ ಹೊತ್ತನ್ನು ಏನು ಮಾಡಿದೆ? ಹಸಿವು, ಕಾಲುನೋವು, ಮೇಲೆ ದೋಣಿ ತಪ್ಪಿದ ಸಿಟ್ಟು. "ನಾಳೆ ಬೆಳಿಗ್ಗೆ ನೋಡೋಣ ಬಿಡು" ಅಂದು ಚಪಾತಿ, ಚಟ್ನಿಪುಡಿ ತಿಂದು ಮಲಗಿಬಿಟ್ಟೆ. (ನೀವೂ ಸಸ್ಯಾಹಾರಿ ಆಗಿದ್ದರೆ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಜಪಾನಿನಲ್ಲಿ ಬರೀ ತರಕಾರಿಯ ಹಾಗೆ ಕಾಣುವ ಸಾರಿನಲ್ಲೂ ಮೀನಿನ ರಸ ಇರುತ್ತದೆ.) ನಮ್ಮ ಕೋಣೆ ಪಾರ್ಕ್ ಕಟ್ಟಡದಲ್ಲಿತ್ತು, ಸ್ವಲ್ಪ ಅಗ್ಗ ಅಂತ. ಮ್ಯೂಸಿಯಂ ಅಲ್ಲಿಂದ ಮೇಲೆ, ಗುಡ್ಡದಲ್ಲಿ. ಅವಳು ಸ್ವೆಟರ್ ಹಾಕಿಕೊಂಡು ಒಬ್ಬಳೇ ಹತ್ತಿ ಹೋದಳು.

ವಾಪಸ್ ಬಂದು ನನ್ನನ್ನು ಎಬ್ಬಿಸಿ ಹೇಳಿದ್ದು ಇನ್ನೂ ನೆನಪಿದೆ. ಗುಂಡನೆಯ ಎತ್ತರದ ಹಾಲ್‌ನಲ್ಲಿ ಅಮೆರಿಕದ ಕಲಾವಿದ ಬ್ರೂಸ್ ನೌಮನ್ 1984ರಲ್ಲಿ ಮಾಡಿದ ನಿಯಾನ್ ಕೃತಿ ಇದೆ. ನೂರು ಚಿಕ್ಕ ಸಾಲುಗಳು. ಮಾತಾಡು ಮತ್ತು ಸಾಯಿ, ಮಾತಾಡು ಮತ್ತು ಬದುಕು, ಹೀಗೆ. ಒಂದೊಂದೇ ಸಾಲು ಹೊತ್ತಿ ಆರುತ್ತದೆ, ಕೊನೆಗೊಮ್ಮೆ ನೂರೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಅವಳು ಹೋದಾಗ ಆ ಹಾಲ್‌ನಲ್ಲಿ ಬೇರೆ ಯಾರೂ ಇರಲಿಲ್ಲ. ನೂರೂ ಹೊತ್ತಿದಾಗ ಕೈ, ಸ್ವೆಟರ್, ಗೋಡೆ ಎಲ್ಲಾ ಬಣ್ಣ ಬಣ್ಣ ಆಯಿತಂತೆ. ಮೂರು ಸಲ ಹೊತ್ತುವವರೆಗೆ ಕೂತಿದ್ದಳಂತೆ. "ಒಂದು ಸಾಲು ಹೊತ್ತಿದಾಗ ನೀವು ನೆನಪಾದಿರಿ" ಅಂದಳು. ಯಾವುದು ಅಂದೆ. ನಿದ್ದೆ ಮಾಡು ಮತ್ತು ಸಾಯಿ.

ಬೆಳಿಗ್ಗೆ ನಾನೂ ಓಡಿ ನೋಡಿದೆ. ಆದರೆ ಮ್ಯೂಸಿಯಂ ತೆರೆದ ಕೂಡಲೇ ಇತರರೂ ಬಂದಿದ್ದರು, ನನ್ನ ಕಣ್ಣು ಗಡಿಯಾರದ ಮೇಲೆ. ಕಾಂಕ್ರೀಟ್ ಗೋಡೆಯ ಸಂದಿಯಲ್ಲಿ ಒಂದು ಕಳೆ ಗಿಡ ಹುಟ್ಟಿತ್ತು. ಇಷ್ಟು ದುಡ್ಡು ತಗೊಂಡು ಇದನ್ನು ಕೀಳೋಕೆ ಆಗಲ್ವಾ ಅಂದುಕೊಂಡು ಮುಂದೆ ಹೋದೆ. ಹೆಂಡತಿ ತೋಳು ಹಿಡಿದು ಹಿಂದಕ್ಕೆಳೆದಳು. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ್ದು ಅದು, ಯೋಶಿಹಿರೊ ಸುಡಾ ಅವರ ಕೆಲಸ. ಹೊರಗಿನ ಜಗಲಿಯಲ್ಲಿ ಹಿರೋಶಿ ಸುಗಿಮೊಟೊ ತೆಗೆದ ಕಪ್ಪು-ಬಿಳುಪು ಸಮುದ್ರದ ಫೋಟೊಗಳು, ಗಾಳಿ-ಬಿಸಿಲಿಗೆ ಒಡ್ಡಿ ನೇತುಹಾಕಿದ್ದಾರೆ, ಆಚೆ ನಿಜವಾದ ಸಮುದ್ರ. ಅಲ್ಲಿ ನಾನು ನಿಂತದ್ದು ಎರಡು ನಿಮಿಷ.

ಯಾಕೆ ಅವಸರ? ಮುಂದೆ ಚಿಚೂ ಮ್ಯೂಸಿಯಂ ಇತ್ತಲ್ಲ. ನೆಲದೊಳಗೆ ಕಟ್ಟಿ, ಫ್ರೆಂಚ್ ಚಿತ್ರಕಾರ ಮೋನೆಯ ನೈದಿಲೆ ಚಿತ್ರಗಳನ್ನು ಬರೀ ಹಗಲು ಬೆಳಕಿನಲ್ಲಿ ತೋರಿಸುವ ಜಾಗ. ಟಿಕೆಟ್ ಅಲ್ಲೇ ತಗೊಂಡರಾಯ್ತು ಅಂದುಕೊಂಡಿದ್ದೆ. ರಸ್ತೆ ಹಿಡಿದು ಗುಡ್ಡ ಹತ್ತಿ ಹೋದರೆ ಗೇಟು ಮುಚ್ಚಿದೆ. ಸೋಮವಾರ! ಚಿಚೂಗೆ ಸೋಮವಾರ ರಜೆ. ಪಕ್ಕದ ಲೀ ಉಫಾನ್ ಮ್ಯೂಸಿಯಂಗೂ ರಜೆ. ಎರಡು ಗಂಟೆ ಕೂತು ಮಿಯಾಜಿಮಾದ ನೀರು ಏರುವುದನ್ನು ಕಾದವನು, ಇದನ್ನು ಒಂದು ಸಲ ತೆಗೆದು ನೋಡಿರಲಿಲ್ಲ. ಮುಂಚೆಯೇ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆಯಲು ಹೋಗಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಗುಡ್ಡ ಇಳಿಯುವಾಗ ಅವಳು ಒಂದೇ ಕೇಳಿದಳು: ಕುಂಬಳಕಾಯಿ ಹತ್ತಿರ ಒಂದು ಗಂಟೆ ಕೂತು ಸ್ಕೆಚ್ ಮಾಡಬಹುದಾ? ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ಅವರ ಹಳದಿ ಕುಂಬಳಕಾಯಿ, ಮೈತುಂಬ ಕಪ್ಪು ಚುಕ್ಕೆ, ಹೋಟೆಲ್ ಕೆಳಗಿನ ಹಳೇ ದೋಣಿಕಟ್ಟೆಯ ತುದಿಯಲ್ಲಿ 1994ರಿಂದ ಕೂತಿತ್ತು. ಸಂಜೆ ಒಸಾಕಾದಿಂದ ವಿಮಾನ. "ಮುಂದಿನ ಸಲ ಬಂದಾಗ" ಅಂದೆ. ಅದು ಎಲ್ಲಿ ಹೋಗುತ್ತೆ, ಸಿಮೆಂಟ್ ಕಟ್ಟೆ ಮೇಲೆ ಇದೆ, ಅಲ್ವಾ?

2021ರ ಆಗಸ್ಟ್‌ನಲ್ಲಿ ಚಂಡಮಾರುತ ಬಂದು ಅದನ್ನು ಕಟ್ಟೆಯಿಂದ ಕಿತ್ತು ಸಮುದ್ರಕ್ಕೆ ಎಸೆಯಿತು. ಆ ವಿಡಿಯೊ ನೀವೂ ನೋಡಿರಬಹುದು. ಅವಳು ಪಕ್ಕದ ಕೋಣೆಯಿಂದಲೇ ನನಗೆ ವಾಟ್ಸಾಪ್ ಮಾಡಿದಳು, ಒಂದಕ್ಷರ ಬರೆಯದೆ. ಈಗ ಇರುವುದು ಹೊಸದಾಗಿ ಮಾಡಿ 2022ರ ಅಕ್ಟೋಬರ್‌ನಲ್ಲಿ ಕೂರಿಸಿದ್ದು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಖಾಲಿ ಇರುವ ಒಂದು ರಾತ್ರಿ" ಅನ್ನುವುದೇ ತಪ್ಪು. ಖಾಲಿ ರಾತ್ರಿಗಾದರೆ ಒಕಯಾಮಾದ ಸ್ಟೇಷನ್ ಪಕ್ಕದ ಯಾವುದಾದರೂ ಸಾದಾ ಹೋಟೆಲ್ ಸಾಕು, ಬೆಳಿಗ್ಗೆ ದೋಣಿ ಹಿಡಿದು ಹೋಗಿ ಸಂಜೆ ಬನ್ನಿ. ಅದರಲ್ಲಿ ಅವಮಾನ ಏನೂ ಇಲ್ಲ, ನಾವು ನೋಡಿದ್ದಕ್ಕಿಂತ ಜಾಸ್ತಿಯೇ ನೋಡುತ್ತೀರಿ. ಅಲ್ಲೇ ತಂಗುತ್ತೀರಾದರೆ ಹಿಂದಿನ ರಾತ್ರಿಯೇ ಒಕಯಾಮಾಗೆ ಬಂದುಬಿಡಿ. ಬೆಳಗಿನ ದೋಣಿಗೆ ಹೋಗಿ, ಬ್ಯಾಗು ಇಟ್ಟು, ಮಧ್ಯಾಹ್ನ ಬೇಕಾದರೆ ಮಲಗಿ. ಸಂಜೆಗೆ ಎಚ್ಚರ ಇರಬೇಕು. ನನ್ನನ್ನು ಕೇಳಿದರೆ ಪಾರ್ಕ್ ಬೇಡ, ಮ್ಯೂಸಿಯಂ ಕಟ್ಟಡದಲ್ಲೇ ಕೋಣೆ ಸಿಕ್ಕರೆ ತಗೊಳ್ಳಿ. ಅಲ್ಲಿರುವುದು ಹತ್ತೇ ಕೋಣೆ, ಬೇಗ ಹೋಗುತ್ತವೆ. ಕೋಣೆಯ ಬಾಗಿಲು ತೆರೆದರೆ ಮ್ಯೂಸಿಯಂ, ಗುಡ್ಡ ಹತ್ತುವ ನೆಪ ಹೇಳಲಾಗುವುದಿಲ್ಲ. ಭಾನುವಾರ ರಾತ್ರಿ ಮಾತ್ರ ಬೇಡವೇ ಬೇಡ.

ಜೊತೆಗೆ ಯಾರು ಬರುತ್ತಿದ್ದಾರೆ ಅಂತ ನೀವು ಬರೆದಿಲ್ಲ. ಆ ಜಾಗ ಕೇಳಿದ್ದು ಅವರಾದರೆ, ಆ ಎರಡು ದಿನದ ಪಟ್ಟಿ ಅವರೇ ಮಾಡಲಿ. ನಮ್ಮ ಮನೆಯಲ್ಲಿ ಮುಂದಿನ ವರ್ಷದ ಪಟ್ಟಿ ಹಾಗೇ ಆಗಿದೆ. ಮೂರು ರಾತ್ರಿ, ಮೂರೂ ನಾವೊಶಿಮಾದಲ್ಲೇ. ಮಿಯಾಜಿಮಾ ಇಲ್ಲ.